ಅರ್ಧ ಮೇಲುಹೊದಿಕೆಯ ಸಂತ: ಟೂರ್ಸ್ ನಗರದ ಮಾರ್ಟಿನರು

ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಪೆಟ್ಟಿಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದ ಮನುಷ್ಯನ ಸಾಮತಿಯನ್ನು ನಾವೆಲ್ಲರೂ ಧರ್ಮೋಪದೇಶದ ತರಗತಿಯಿಂದಲೇ ಬಲ್ಲೆವು. ಯಾಜಕನು ನಿಲ್ಲಲಿಲ್ಲ, ಲೇವಿಯನು ನಿಲ್ಲಲಿಲ್ಲ, ಅನ್ಯನೆನಿಸಿದ್ದ ಸಮಾರಿಯದವನು ನಿಂತನು. ಮೊದಲ ಇಬ್ಬರ ಮನಸ್ಸಿನಲ್ಲಿ ಆ ಕ್ಷಣ ಏನು ಹಾದುಹೋಯಿತೆಂಬುದನ್ನು ಸಂತ ಲೂಕರು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಹೊತ್ತಾಯಿತೆಂಬ ಅವಸರ, ಬಿದ್ದವನು ಯಾರೋ ಏನೋ ಎಂಬ ಶಂಕೆ, ನಿಂತರೆ ನಮಗೇ ಆಪತ್ತು ಬಂದೀತೆಂಬ ಅಂಜಿಕೆ, ಹಿಂದಿನಿಂದ ಬರುವವರು ನೋಡಿಕೊಂಡಾರೆಂಬ ಸಮಾಧಾನ, ಇವೆಲ್ಲ ದಾರಿಯಲ್ಲಿ ನಡೆಯುವ ಪ್ರತಿಯೊಬ್ಬನೂ ಅರಿತ ಸಂಗತಿಗಳೇ.

ಈ ಪರೀಕ್ಷೆಯನ್ನು ಹದಿಹರೆಯದಲ್ಲಿಯೇ ಎದುರಿಸಿ, ಜೀವಮಾನವಿಡೀ ಮತ್ತೆ ಮತ್ತೆ ಎದುರಿಸಿ, ಕ್ರೈಸ್ತ ಲೋಕಕ್ಕೆ ದಾರಿ ತೋರಿದ ಮಹನೀಯರೊಬ್ಬರು ನಾಲ್ಕನೆಯ ಶತಮಾನದಲ್ಲಿ ಬಾಳಿದರು. ಅವರೇ ಟೂರ್ಸ್ ನಗರದ ಧರ್ಮಾಧ್ಯಕ್ಷರಾದ ಸಂತ ಮಾರ್ಟಿನರು. ನಮ್ಮ ಮನೆಗಳಲ್ಲಿ ಪೊರಕೆ ಹಿಡಿದ ಚಿತ್ರದ ಮೂಲಕ ಪರಿಚಿತರಾದ ಲೀಮಾ ನಗರದ ಸಂತ ಮಾರ್ಟಿನ್ ದೆ ಪೊರೆಸ್ ಬೇರೆ. ಅವರು ಸಾವಿರದ ಇನ್ನೂರು ವರ್ಷಗಳ ಅನಂತರ ಹುಟ್ಟಿದವರು. ಇವರಾದರೋ ರೋಮನ್ ಸಾಮ್ರಾಜ್ಯದ ಕುದುರೆ ಸವಾರರಾಗಿದ್ದವರು. ಇವರ ಚರಿತ್ರೆಯನ್ನು ಇವರನ್ನು ಕಣ್ಣಾರೆ ಕಂಡಿದ್ದ ಶಿಷ್ಯ ಸುಲ್ಪಿಸಿಯಸ್ ಸೆವೆರಸ್ ಎಂಬ ವಿದ್ವಾಂಸರು ಬರೆದಿಟ್ಟರು. ಆ ಚರಿತ್ರೆಯಿಂದಲೇ ಈ ಸಂಗತಿಗಳು ನಮಗೆ ದೊರೆತಿವೆ.

ಸೈನಿಕನ ಮಗ

ಇಂದಿನ ಹಂಗೇರಿ ದೇಶದಲ್ಲಿರುವ ಸೊಂಬಾತ್‌ಹೇ ಪಟ್ಟಣಕ್ಕೆ ರೋಮನರ ಕಾಲದಲ್ಲಿ ಸಬಾರಿಯಾ ಎಂಬ ಹೆಸರಿತ್ತು. ಅಲ್ಲಿಯೇ ಮಾರ್ಟಿನರ ಜನನವಾಯಿತು. ತಂದೆ ಸಾಮಾನ್ಯ ಸಿಪಾಯಿಯಾಗಿ ಸೇರಿ ಸೇನಾಧಿಕಾರಿಯ ಪದವಿಗೇರಿದವರು, ತಾಯ್ತಂದೆಯರಿಬ್ಬರೂ ಕ್ರೈಸ್ತರಲ್ಲ. ಬಾಲ್ಯ ಕಳೆದದ್ದು ಇಟಲಿಯ ಪಾವಿಯಾದಲ್ಲಿ. ಕ್ರಿ.ಶ. 313ರಲ್ಲಿ ಕ್ರೈಸ್ತರ ಮೇಲಿನ ಹಿಂಸೆಗೆ ಸಾಮ್ರಾಜ್ಯವು ಕೊನೆ ಹಾಡಿದ್ದಿತು. ಆದರೂ ಸೈನಿಕರ ಕುಟುಂಬಗಳಲ್ಲಿ ಹಳೆಯ ದೇವತೆಗಳ ಆರಾಧನೆಯೇ ಬಲವಾಗಿತ್ತು. ಅಂತಹ ಮನೆಯ ಹುಡುಗನು ಹತ್ತನೆಯ ವಯಸ್ಸಿನಲ್ಲಿ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ದೇವಾಲಯಕ್ಕೆ ಓಡಿಹೋಗಿ, ತನ್ನನ್ನು ಜ್ಞಾನಸ್ನಾನಾರ್ಥಿಯಾಗಿ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡನು. ಹನ್ನೆರಡರಲ್ಲಿ ಏಕಾಂತವಾಸದ ಸನ್ಯಾಸಿಯಾಗುವ ಹಂಬಲ ಹುಟ್ಟಿತು.

ಆದರೆ ಸೈನಿಕರ ಮಕ್ಕಳು ಸೈನ್ಯಕ್ಕೇ ಸೇರಬೇಕೆಂಬ ರಾಜಾಜ್ಞೆ ಆಗ ಜಾರಿಯಲ್ಲಿತ್ತು. ತಂದೆಯೇ ಮಗನನ್ನು ಒಪ್ಪಿಸಿದರು. ಹದಿನೈದನೆಯ ವಯಸ್ಸಿನಲ್ಲಿ ಮಾರ್ಟಿನರು ಅಶ್ವದಳದ ಪ್ರಮಾಣವಚನ ಸ್ವೀಕರಿಸಬೇಕಾಯಿತು. ಒಬ್ಬ ಸೇವಕನನ್ನು ಮಾತ್ರ ಜೊತೆಯಲ್ಲಿಟ್ಟುಕೊಂಡರು. ಅವನ ಸೇವೆಯನ್ನೂ ತಾವೇ ಮಾಡುತ್ತಿದ್ದರು. ಅವನ ಪಾದರಕ್ಷೆಗಳನ್ನು ಕಳಚಿ ಒರೆಸುತ್ತಿದ್ದರು, ಒಟ್ಟಿಗೆ ಉಣ್ಣುವಾಗ ಬಡಿಸುತ್ತಿದ್ದವರೂ ಬಹುಪಾಲು ಅವರೇ. ಸಂಬಳದಲ್ಲಿ ಅಂದಿನ ಊಟಕ್ಕೆ ಬೇಕಾದುದನ್ನು ಬಿಟ್ಟು ಉಳಿದುದೆಲ್ಲ ಬಡವರ ಪಾಲಾಗುತ್ತಿತ್ತು. ಜ್ಞಾನಸ್ನಾನ ಇನ್ನೂ ಆಗಿರಲಿಲ್ಲ. ಬಾಳು ಮಾತ್ರ ಆಗಲೇ ಕ್ರೈಸ್ತ ಬಾಳಾಗಿತ್ತು.

ಅಮಿಯೆನ್ಸಿನ ಹೆಬ್ಬಾಗಿಲು

ಮಾರ್ಟಿನರ ದಳವು ಗಾಲ್ ಪ್ರಾಂತದ, ಅಂದರೆ ಇಂದಿನ ಫ್ರಾನ್ಸ್ ದೇಶದ, ಅಮಿಯೆನ್ಸ್ ನಗರಕ್ಕೆ ಬಂದಿತ್ತು. ಆ ವರ್ಷದ ಚಳಿ ಎಂದಿನ ಚಳಿಯಾಗಿರಲಿಲ್ಲ. ಅದರ ಕಾಟಕ್ಕೆ ಅನೇಕರು ಪ್ರಾಣವನ್ನೇ ಕಳೆದುಕೊಂಡಿದ್ದರು. ಅಂತಹ ಒಂದು ದಿನ ನಗರದ ಹೆಬ್ಬಾಗಿಲಿನಲ್ಲಿ ಮೈಮೇಲೆ ಬಟ್ಟೆಯಿಲ್ಲದ ಬಡವನೊಬ್ಬನು ನಿಂತು, ಬರುವವರನ್ನೂ ಹೋಗುವವರನ್ನೂ ಅಂಗಲಾಚಿ ಬೇಡುತ್ತಿದ್ದನು. ಜನರೆಲ್ಲ ಅವನನ್ನು ದಾಟಿ ನಡೆದುಹೋಗುತ್ತಿದ್ದರು.

ಮಾರ್ಟಿನರೂ ದಾಟಿಹೋಗಬಹುದಾಗಿತ್ತು. ಕಾರಣಗಳಿಗೆ ಕೊರತೆಯಿರಲಿಲ್ಲ. ಅವರು ಆ ಊರಿನವರಲ್ಲ, ಆ ಬಡವನು ಅವರಿಗೆ ನಂಟನೂ ಅಲ್ಲ, ಪರಿಚಿತನೂ ಅಲ್ಲ. ಅವನನ್ನು ಕಾಪಾಡಬೇಕಾದವರು ಊರಿನ ಸ್ಥಿತಿವಂತರು. ಎಲ್ಲಕ್ಕಿಂತ ಮಿಗಿಲಾಗಿ ಅವರ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಇದ್ದುದನ್ನೆಲ್ಲ ಅದಾಗಲೇ ದಾನ ಮಾಡಿದ್ದರು. ಆಯುಧಗಳು ಮತ್ತು ತೊಟ್ಟಿದ್ದ ಸೈನಿಕ ಉಡುಪು, ಇವಿಷ್ಟೇ ಉಳಿದಿದ್ದವು.

ಇಲ್ಲಿಯೇ ಮಾರ್ಟಿನರ ಮನಸ್ಸು ಬೇರೆಯವರ ಮನಸ್ಸಿನಿಂದ ಬೇರೆಯಾಯಿತು. ಇತರರು ಕರುಣೆ ತೋರದೆ ಹೋದದ್ದನ್ನು ಕಂಡು, ತಾನೂ ಹೋಗಬಹುದೆಂದು ಅವರು ತಿಳಿಯಲಿಲ್ಲ. ಯಾರೂ ನಿಲ್ಲಲಿಲ್ಲವಾದುದರಿಂದ ಈ ಮನುಷ್ಯನನ್ನು ದೇವರು ತನಗಾಗಿಯೇ ಉಳಿಸಿಟ್ಟಿದ್ದಾನೆಂದು ತಿಳಿದರು. ದಾರಿಯ ಜನರು ನೋಡಿದ್ದು ಒಂದೇ ದೃಶ್ಯವನ್ನು. ಉಳಿದವರಿಗೆ ಪರರ ಔದಾಸೀನ್ಯವು ನೆಪವಾಯಿತು. ಮಾರ್ಟಿನರಿಗೆ ಅದೇ ಕರೆಯಾಯಿತು.

ಇನ್ನುಳಿದದ್ದು ಏನು ಕೊಡುವುದೆಂಬ ಪ್ರಶ್ನೆ. ಕತ್ತಿಯನ್ನು ಒರೆಯಿಂದ ಎಳೆದು, ಹೆಗಲ ಮೇಲಿದ್ದ ದೊಡ್ಡ ಮೇಲುಹೊದಿಕೆಯನ್ನು ಮಧ್ಯಕ್ಕೆ ಸರಿಯಾಗಿ ಸೀಳಿದರು. ಒಂದು ಭಾಗವನ್ನು ಬಡವನಿಗೆ ಹೊದಿಸಿ, ಇನ್ನೊಂದು ಭಾಗವನ್ನು ತಾವು ಹೊದ್ದುಕೊಂಡರು. ಪೂರ್ತಿ ಕೊಡಲು ಆಗದೆಂಬ ಕಾರಣಕ್ಕೆ ಏನನ್ನೂ ಕೊಡದಿರುವುದು ಲೋಕದ ರೂಢಿ. ಅರ್ಧವೂ ಒಂದು ಜೀವವನ್ನು ಉಳಿಸಬಲ್ಲದೆಂಬುದನ್ನು ಆ ತರುಣ ಸೈನಿಕನು ಕಂಡುಕೊಂಡನು.

ಸುತ್ತ ನಿಂತವರಲ್ಲಿ ಕೆಲವರು ನಕ್ಕರು. ಹರಿದ ಬಟ್ಟೆಯ ಆ ಸವಾರನು ನೋಡಲು ವಿಕಾರವಾಗಿ ಕಾಣುತ್ತಿದ್ದನು. ವಿವೇಕಿಗಳಾದ ಮತ್ತೆ ಹಲವರು ನಿಟ್ಟುಸಿರುಬಿಟ್ಟರು. ತಮ್ಮಲ್ಲಿ ಅವನಿಗಿಂತ ಹೆಚ್ಚಾಗಿತ್ತು, ತಾವು ಬೆತ್ತಲಾಗದೆಯೇ ಬಡವನನ್ನು ಹೊದಿಸಬಹುದಾಗಿತ್ತು, ಆದರೂ ತಾವು ಹಾಗೆ ಮಾಡಲಿಲ್ಲವೆಂಬ ನೋವು ಅವರನ್ನು ಚುಚ್ಚಿತು. ಒಬ್ಬನು ನಿಂತದ್ದರಿಂದ ಉಳಿದವರ ಮನಸ್ಸಾಕ್ಷಿಯೂ ಎಚ್ಚೆತ್ತುಕೊಂಡಿತೆಂಬುದನ್ನು ನಾವು ಮರೆಯಲಾಗದು.

ಆ ರಾತ್ರಿ ಮಾರ್ಟಿನರಿಗೆ ನಿದ್ರೆಯಲ್ಲಿ ದರ್ಶನವಾಯಿತು. ಪ್ರಭು ಕ್ರಿಸ್ತರೇ ಆ ಅರ್ಧ ಹೊದಿಕೆಯನ್ನು ಹೊದ್ದು ದೇವದೂತರ ನಡುವೆ ನಿಂತಿದ್ದರು. ಇನ್ನೂ ಜ್ಞಾನಸ್ನಾನಾರ್ಥಿಯಾಗಿರುವ ಮಾರ್ಟಿನನೇ ತಮಗೆ ಇದನ್ನು ಹೊದಿಸಿದನೆಂದು ದೂತಗಣಕ್ಕೆ ತಿಳಿಸುತ್ತಿದ್ದರು. ಬಡವರಲ್ಲಿ ಅತ್ಯಲ್ಪನಿಗೆ ಮಾಡಿದ ಉಪಕಾರವು ತಮಗೇ ಸಲ್ಲುವುದೆಂದು ಶುಭಸಂದೇಶದಲ್ಲಿ ನುಡಿದಿದ್ದ ಪ್ರಭುವು ಅದನ್ನು ಹೀಗೆ ಸ್ಥಿರಪಡಿಸಿದರು. ಈ ದರ್ಶನದಿಂದ ಮಾರ್ಟಿನರು ಉಬ್ಬಲಿಲ್ಲ. ಹದಿನೆಂಟರ ಹರೆಯದಲ್ಲಿ ಜ್ಞಾನಸ್ನಾನ ಪಡೆಯಲು ಧಾವಿಸಿದರು.

ಆಯುಧವನ್ನು ಕೆಳಗಿಟ್ಟ ಮೇಲೆ

ಕ್ರಿ.ಶ. 356ರಲ್ಲಿ ರೈನ್ ನದಿಯ ತೀರದ ವರ್ಮ್ಸ್ ನಗರದ ಬಳಿ ಜೂಲಿಯನ್ ಸೀಸರನ ಎದುರಿನಲ್ಲಿ ನಿಂತು, ಮಾರ್ಟಿನರು ಯುದ್ಧದ ಬಹುಮಾನವನ್ನು ನಿರಾಕರಿಸಿ ಬಿಡುಗಡೆ ಬೇಡಿದರು. ಹೇಡಿಯೆಂಬ ಆಪಾದನೆ ಬಂದಿತು. ಅದಕ್ಕೆ ಉತ್ತರವಾಗಿ ಮರುದಿನ ನಿರಾಯುಧನಾಗಿ ಸೈನ್ಯದ ಮುಂದೆ ನಿಲ್ಲಲು ಸಿದ್ಧರಾದರು. ಅವರನ್ನು ಸೆರೆಯಲ್ಲಿಟ್ಟರು. ಆದರೆ ಮರುದಿನ ಶತ್ರುಗಳೇ ಸಂಧಾನಕ್ಕೆ ಬಂದರು, ಯುದ್ಧವೇ ನಡೆಯಲಿಲ್ಲ.

ಅಲ್ಲಿಂದ ಅವರು ಪಾಯ್ಟಿಯರ್ಸಿನ ಧರ್ಮಾಧ್ಯಕ್ಷರಾಗಿದ್ದ ಸಂತ ಹಿಲರಿಯವರ ಆಶ್ರಯಕ್ಕೆ ಹೋದರು. ಬಳಿಕ ಹೆತ್ತವರನ್ನು ಕಾಣಲೆಂದು ಹೊರಟಾಗ ಆಲ್ಪ್ಸ್ ಪರ್ವತದ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿಬಿದ್ದರು. ಒಬ್ಬನು ಕೊಡಲಿ ಎತ್ತಿದನು, ಇನ್ನೊಬ್ಬನು ಅವನ ಕೈ ತಡೆದನು. ಕೈಗಳನ್ನು ಬೆನ್ನಿಗೆ ಕಟ್ಟಿಸಿಕೊಂಡ ಮಾರ್ಟಿನರು ತಮ್ಮ ಕಾವಲಿಗಿದ್ದ ಕಳ್ಳನಿಗೆ ದೇವರ ದಯೆಯನ್ನು ಬೋಧಿಸಿದರು. ತಮ್ಮ ಪ್ರಾಣಕ್ಕಿಂತ ಅವನ ಆತ್ಮದ ಗತಿಯೇ ಅವರ ಚಿಂತೆಯಾಗಿತ್ತು. ಅವನು ಮನ ತಿರುಗಿ ಅವರನ್ನು ದಾರಿಗೆ ಮುಟ್ಟಿಸಿದನು; ಮುಂದೆ ಸನ್ಯಾಸಿಯಂತೆ ಬಾಳಿದನು. ಊರು ಸೇರಿದ ಮಾರ್ಟಿನರಿಂದ ತಾಯಿ ಕ್ರಿಸ್ತವಿಶ್ವಾಸ ಪಡೆದರು, ತಂದೆ ಪಡೆಯಲಿಲ್ಲ. ಕ್ರಿ.ಶ. 360ರಲ್ಲಿ ಸಂತ ಹಿಲರಿಯವರು ಗಡೀಪಾರಿನಿಂದ ಮರಳಿದ ಮೇಲೆ ಮಾರ್ಟಿನರೂ ಹಿಂತಿರುಗಿ ಲಿಗುಜೆ ಎಂಬಲ್ಲಿ ಮಠವೊಂದನ್ನು ಸ್ಥಾಪಿಸಿದರು. ಗಾಲ್ ಪ್ರಾಂತದ ಸನ್ಯಾಸ ಜೀವನಕ್ಕೆ ಅದೇ ತಳಹದಿಯಾಯಿತು.

ಬೇಡವೆಂದರೂ ಬಂದ ಪೀಠ

ಕ್ರಿ.ಶ. 371ರಲ್ಲಿ ಟೂರ್ಸ್ ನಗರದ ಜನರು ಮಾರ್ಟಿನರನ್ನೇ ತಮ್ಮ ಧರ್ಮಾಧ್ಯಕ್ಷರನ್ನಾಗಿ ಬಯಸಿದರು. ಮಠವನ್ನು ಬಿಟ್ಟು ಅವರು ಬರುವವರಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆಗ ಊರಿನವನೊಬ್ಬನು ಅವರ ಮೊಣಕಾಲಿಗೆ ಬಿದ್ದು, ತನ್ನ ಹೆಂಡತಿ ಕಾಯಿಲೆಯಿಂದ ಮಲಗಿದ್ದಾಳೆಂದು ನಟಿಸಿ ಕರೆದನು. ಕಷ್ಟದಲ್ಲಿರುವವರ ಹೆಸರು ಹೇಳಿದರೆ ಮಾರ್ಟಿನರು ಹೊರಡದೆ ಇರಲಾರರೆಂಬುದು ಜನರಿಗೆ ಅಷ್ಟು ಚೆನ್ನಾಗಿ ತಿಳಿದಿತ್ತು! ದಾರಿಯುದ್ದಕ್ಕೂ ಕಾದು ಕುಳಿತಿದ್ದ ಜನಸಮೂಹವು ಅವರನ್ನು ಕಾವಲಿನಲ್ಲಿ ನಗರಕ್ಕೆ ಕರೆದೊಯ್ದಿತು. ಕೆದರಿದ ತಲೆ, ಒರಟು ಬಟ್ಟೆಯ ಇಂತಹವನು ಪೀಠಕ್ಕೆ ಯೋಗ್ಯನಲ್ಲವೆಂದು ಕೆಲವು ಧರ್ಮಾಧ್ಯಕ್ಷರು ಆಕ್ಷೇಪಿಸಿದರು. ಜನರ ಇಚ್ಛೆಯೇ ಗೆದ್ದಿತು.

ಪೀಠವೇರಿದರೂ ಅವರ ರೀತಿ ಬದಲಾಗಲಿಲ್ಲ. ನಗರದಿಂದ ಎರಡು ಮೈಲಿಯಷ್ಟು ದೂರದಲ್ಲಿ ಲುವಾರ್ ನದಿಯ ದಡದಲ್ಲಿ ಮರದ ಗುಡಿಸಲು ಕಟ್ಟಿಕೊಂಡು ಸುಮಾರು 80 ಮಂದಿ ಶಿಷ್ಯರೊಂದಿಗೆ ವಾಸಿಸಿದರು. ಅದುವೇ ಮುಂದೆ ಪ್ರಸಿದ್ಧವಾದ ಮಾರ್ಮೂತಿಯೆ ಮಠ. ಅಂದು ಕ್ರೈಸ್ತ ಧರ್ಮವು ನಗರಗಳಲ್ಲಿ ಮಾತ್ರ ಬೇರೂರಿತ್ತು. ಮಾರ್ಟಿನರು ಕಾಲ್ನಡಿಗೆಯಲ್ಲಿ, ಕತ್ತೆಯ ಮೇಲೆ, ದೋಣಿಯಲ್ಲಿ ಹಳ್ಳಿಹಳ್ಳಿಗಳನ್ನು ಸುತ್ತಿ, ಅಂಬ್ವಾಜ್, ಲಾಂಜೆ, ಕಾಂದ್ ಮುಂತಾದ ಗ್ರಾಮಗಳಲ್ಲಿ ದೇವಾಲಯಗಳನ್ನು ಕಟ್ಟಿಸಿದರು. ಹಳ್ಳಿಯ ಧರ್ಮಕೇಂದ್ರವೆಂಬ ವ್ಯವಸ್ಥೆಗೆ ಗಾಲ್ ಪ್ರಾಂತದಲ್ಲಿ ಅಡಿಪಾಯ ಹಾಕಿದವರಲ್ಲಿ ಅವರು ಪ್ರಮುಖರು.

ಪ್ಯಾರಿಸ್ ನಗರವನ್ನು ಅಪಾರ ಜನಸ್ತೋಮದೊಂದಿಗೆ ಪ್ರವೇಶಿಸುವಾಗ ಬಾಗಿಲಿನಲ್ಲಿ ಕುಷ್ಠರೋಗಿಯೊಬ್ಬನು ಕಂಡನು. ಎಲ್ಲರೂ ಅಸಹ್ಯಪಟ್ಟು ಹಿಂಜರಿದರು. ಮಾರ್ಟಿನರು ಅವನನ್ನು ಮುತ್ತಿಟ್ಟು ಆಶೀರ್ವದಿಸಿದರು. ಮರುದಿನ ಅವನು ಗುಣಹೊಂದಿ ದೇವಾಲಯಕ್ಕೆ ಬಂದು ಕೃತಜ್ಞತೆ ಸಲ್ಲಿಸಿದನೆಂದು ಸುಲ್ಪಿಸಿಯಸ್ ಬರೆದಿದ್ದಾರೆ.

ಇನ್ನೊಮ್ಮೆ ಚಳಿಗಾಲದಲ್ಲಿ ದೇವಾಲಯಕ್ಕೆ ಹೋಗುತ್ತಿದ್ದ ಅವರ ಎದುರಿಗೆ ಅರೆಬೆತ್ತಲೆಯ ಭಿಕ್ಷುಕನು ಬಂದನು. ಅವನಿಗೆ ಕೂಡಲೇ ಬಟ್ಟೆ ಕೊಡಿಸುವಂತೆ ತಮ್ಮ ಪ್ರಧಾನ ಡೀಕನರಿಗೆ ಅಪ್ಪಣೆ ಮಾಡಿದರು. ಡೀಕನರು ತಡಮಾಡಿದರು. ಚಳಿಯಿಂದ ನಡುಗುತ್ತ ಭಿಕ್ಷುಕನು ಒಳಗೇ ನುಗ್ಗಿ ದೂರು ಹೇಳಿಕೊಂಡಾಗ, ಮಾರ್ಟಿನರು ಯಾರಿಗೂ ಕಾಣದಂತೆ ಮೇಲುಡುಪಿನ ಒಳಗಿನಿಂದ ತಮ್ಮ ಅಂಗಿಯನ್ನೇ ತೆಗೆದು ಅವನಿಗೆ ತೊಡಿಸಿ ಕಳುಹಿಸಿದರು. ಜನರು ಕಾಯುತ್ತಿದ್ದಾರೆಂದು ಡೀಕನರು ಬಂದು ಕರೆದರೆ, ಬಡವನಿಗೆ ಬಟ್ಟೆಯಾಗದೆ ತಾವು ಹೊರಡುವಂತಿಲ್ಲವೆಂದು ಕುಳಿತೇಬಿಟ್ಟರು. ಸಿಟ್ಟಿಗೆದ್ದ ಡೀಕನರು ಹತ್ತಿರದ ಅಂಗಡಿಯಿಂದ ಐದು ಬೆಳ್ಳಿ ನಾಣ್ಯಕ್ಕೆ ಒರಟಾದ ಗಿಡ್ಡ ಅಂಗಿಯೊಂದನ್ನು ತಂದು ಅವರ ಕಾಲಬಳಿ ಎಸೆದರು. ಆ ಅಂಗಿಯನ್ನು ತಾವೇ ತೊಟ್ಟು ಧರ್ಮಾಧ್ಯಕ್ಷರು ಬಲಿಪೂಜೆ ಅರ್ಪಿಸಿದರು. ಅಮಿಯೆನ್ಸಿನಲ್ಲಿ ಅರ್ಧ ಕೊಟ್ಟವರು ಟೂರ್ಸಿನಲ್ಲಿ ಪೂರ್ತಿ ಕೊಟ್ಟರು; ಪೂಜೆಯ ಹೊತ್ತಾಯಿತೆಂಬುದೂ ಅವರಿಗೆ ನೆಪವಾಗಲಿಲ್ಲ.

ತಾವೇ ದಾರಿಯಲ್ಲಿ ಬಿದ್ದಾಗ

ದಾರಿಯಲ್ಲಿ ನಿಲ್ಲುವವನಿಗೆ ಎಲ್ಲ ಕಾಲಕ್ಕೂ ಮರ್ಯಾದೆ ಸಿಕ್ಕೀತೆಂದು ಮಾರ್ಟಿನರ ಚರಿತ್ರೆ ಹೇಳುವುದಿಲ್ಲ. ಧರ್ಮಕೇಂದ್ರಗಳ ಭೇಟಿಗೆ ಹೊರಟಿದ್ದಾಗ ಒಮ್ಮೆ ಜೊತೆಯವರು ಹಿಂದೆ ಉಳಿದು, ಅವರು ಒಬ್ಬರೇ ಮುಂದೆ ನಡೆದಿದ್ದರು. ಎದುರಿನಿಂದ ಸೈನಿಕರಿದ್ದ ಸರಕಾರಿ ಗಾಡಿಯೊಂದು ಬಂದಿತು. ಅವರ ಕಪ್ಪು ಒರಟು ಉಡುಪನ್ನು ಕಂಡು ಹೇಸರಗತ್ತೆಗಳು ಬೆದರಿ ಸಿಕ್ಕಿಹಾಕಿಕೊಂಡವು. ಕೋಪಗೊಂಡ ಸೈನಿಕರು ಇಳಿದು ಚಾವಟಿಯಿಂದಲೂ ಕೋಲಿನಿಂದಲೂ ಹೊಡೆದರು. ಅವರು ತುಟಿ ಬಿಚ್ಚಲಿಲ್ಲ. ಹಿಂದೆ ಸೈನಿಕರಾಗಿದ್ದವರು ಸೈನಿಕರ ಕೈಯಲ್ಲೇ ಪೆಟ್ಟು ತಿಂದು ರಕ್ತಸಿಕ್ತರಾಗಿ ನೆಲಕ್ಕೊರಗಿದರು. ಜೊತೆಯವರು ಬಂದು ಅವರನ್ನು ಎತ್ತಿ ಕತ್ತೆಯ ಮೇಲೆ ಕೂರಿಸಿ ಕರೆದೊಯ್ದರು.

ಇತ್ತ ಗಾಡಿಯ ಪ್ರಾಣಿಗಳು ಎಷ್ಟು ಬಡಿದರೂ ಕದಲದಾದವು. ದಾರಿಹೋಕರನ್ನು ವಿಚಾರಿಸಿದಾಗ ತಾವು ಹೊಡೆದದ್ದು ಯಾರನ್ನೆಂಬುದು ಸೈನಿಕರಿಗೆ ತಿಳಿಯಿತು. ತಲೆಗೆ ಮಣ್ಣು ಸುರಿದುಕೊಂಡು ಓಡಿಬಂದು ಕ್ಷಮೆ ಬೇಡಿದರು. ಮಾರ್ಟಿನರು ಕ್ಷಮಿಸಿ, ಪ್ರಾಣಿಗಳನ್ನೂ ಬಿಡುಗಡೆ ಮಾಡಿ ಕಳುಹಿಸಿದರು.

ಪರಮತದವರಿಗಾಗಿ ಬೇಡಿಕೊಂಡವರು

ಮಾರ್ಟಿನರ ಬಾಳಿನ ಅತ್ಯಂತ ಕಠಿಣವಾದ ನಿಲುವು ಟ್ರಿಯರ್ ನಗರದಲ್ಲಿ ನಡೆಯಿತು. ಸ್ಪೇನ್ ದೇಶದ ಧರ್ಮಾಧ್ಯಕ್ಷ ಪ್ರಿಸಿಲಿಯನ್ ಎಂಬವರ ಬೋಧನೆ ತಪ್ಪೆಂದು ಧರ್ಮಸಭೆಯ ಹಲವರು ದೂರಿದ್ದರು. ಇಥಾಸಿಯಸ್ ಎಂಬ ಧರ್ಮಾಧ್ಯಕ್ಷರ ಪಂಗಡವು ಅವರಿಗೆ ಮರಣದಂಡನೆಯನ್ನೇ ಕೋರಿ ಮ್ಯಾಕ್ಸಿಮಸ್ ಚಕ್ರವರ್ತಿಯ ಬಳಿಗೆ ಹೋಗಿತ್ತು. ಮಾರ್ಟಿನರಿಗೂ ಆ ಬೋಧನೆ ಒಪ್ಪಿಗೆಯಾಗಿರಲಿಲ್ಲ. ಆದರೂ ತಪ್ಪು ಬೋಧಕನನ್ನು ಧರ್ಮಸಭೆಯಿಂದ ಹೊರಗಿಟ್ಟರೆ ಸಾಕು, ರಕ್ತ ಹರಿಯಬಾರದೆಂದು ಚಕ್ರವರ್ತಿಯನ್ನು ಬೇಡಿಕೊಂಡರು. ಅವರು ಅಲ್ಲಿದ್ದಷ್ಟು ಕಾಲ ವಿಚಾರಣೆ ತಡೆಯಿತು. ಅವರು ಹೊರಟುಹೋದ ಮೇಲೆ, ಕ್ರಿ.ಶ. 385ರ ಸುಮಾರಿಗೆ, ಪ್ರಿಸಿಲಿಯನರ ಮತ್ತು ಸಂಗಡಿಗರ ತಲೆ ಉರುಳಿತು.

ಮಾರ್ಟಿನರು ಮರಳಿ ಬಂದಾಗ ಇಥಾಸಿಯಸರ ಪಂಗಡದೊಂದಿಗೆ ಪೂಜೆಯಲ್ಲಿ ಭಾಗಿಯಾಗಲು ಒಪ್ಪಲಿಲ್ಲ. ಆದರೆ ಸ್ಪೇನಿಗೆ ಅಧಿಕಾರಿಗಳನ್ನು ಅಟ್ಟಿ ಇನ್ನಷ್ಟು ಜನರನ್ನು ಹಿಡಿದು ಕೊಲ್ಲಿಸುವ ಯೋಚನೆ ಚಕ್ರವರ್ತಿಗಿದೆಯೆಂದು ತಿಳಿಯಿತು. ಆ ಅಪರಿಚಿತರ ಪ್ರಾಣಕ್ಕಾಗಿ, ಒಂದೇ ಒಂದು ದಿನ, ಮನಸ್ಸಿಗೊಪ್ಪದ ಆ ಸಂಗಕ್ಕೆ ಒಪ್ಪಿಕೊಂಡರು. ಮರುದಿನ ಹಿಂದಿರುಗುವ ದಾರಿಯಲ್ಲಿ, ಆಂದೆಥಾನ್ನಾ ಎಂಬ ಹಳ್ಳಿಯ ಬಳಿಯ ಕಾಡಿನಲ್ಲಿ, ಜೊತೆಯವರನ್ನು ಮುಂದೆ ಕಳುಹಿಸಿ ಒಬ್ಬರೇ ಕುಳಿತು ಅಳಲಿಗೊಳಗಾದರು. ತಾವು ಮಾಡಿದ್ದು ಸರಿಯೇ ತಪ್ಪೇ ಎಂದು ತೂಗಿದರು. ದೇವದೂತನು ಬಂದು, ಬೇರೆ ಮಾರ್ಗವಿರಲಿಲ್ಲವೆಂದು ಸಾಂತ್ವನ ನೀಡಬೇಕಾಯಿತು. ಪರರ ನೆರವಿಗೆ ನಿಲ್ಲುವುದು ಯಾವಾಗಲೂ ಹಗುರವಾದ ಹೃದಯದಿಂದ ಮನೆ ಸೇರಿಸುವುದಿಲ್ಲ. ಕೆಲವೊಮ್ಮೆ ಗಾಯ ಉಳಿಸುತ್ತದೆ.

ಕೊನೆಯ ಪ್ರಯಾಣ

ಕ್ರಿ.ಶ. 397ರಲ್ಲಿ ಕಾಂದ್ ಗ್ರಾಮದ ಗುರುಗಳಲ್ಲಿ ಮನಸ್ತಾಪ ಉಂಟಾಗಿತ್ತು. ಸಾವು ಹತ್ತಿರವೆಂದು ಅರಿತಿದ್ದರೂ ಮುದಿ ಮಾರ್ಟಿನರು ಅವರನ್ನು ಒಂದುಗೂಡಿಸಲು ಹೊರಟರು. ಸಮಾಧಾನ ನೆಲೆಗೊಳಿಸಿ ಹಿಂದಿರುಗುವಷ್ಟರಲ್ಲಿ ಶಕ್ತಿ ಕುಂದಿತು. ಬೂದಿಯ ಮೇಲೆ ಮಲಗಿದ್ದ ಅವರನ್ನು ಬಿಟ್ಟುಹೋಗಬಾರದೆಂದು ಶಿಷ್ಯರು ಅತ್ತು ಬೇಡಿದಾಗ, ಜನರಿಗೆ ಇನ್ನೂ ಬೇಕಾಗಿದ್ದರೆ ದುಡಿಮೆಗೆ ಹಿಂಜರಿಯೆನೆಂದು ದೇವರ ಚಿತ್ತಕ್ಕೇ ಒಪ್ಪಿಸಿದರು. ನವೆಂಬರ್ 8ರಂದು ದೈವಾಧೀನರಾದರು. ಟೂರ್ಸಿನ ಜನರು ದೇಹವನ್ನು ದೋಣಿಯಲ್ಲಿ ತಂದು ನವೆಂಬರ್ 11ರಂದು ಸಮಾಧಿ ಮಾಡಿದರು; ಆ ದಿನವೇ ಅವರ ಹಬ್ಬ. ರಕ್ತಸಾಕ್ಷಿಯಾಗದೆಯೂ ಸಂತಪದವಿಯ ಗೌರವ ಪಡೆದವರಲ್ಲಿ ಪಾಶ್ಚಾತ್ಯ ಧರ್ಮಸಭೆಯಲ್ಲಿ ಅವರು ಮೊದಲಿಗರ ಸಾಲಿನವರು.

ಅವರ ಸಮಾಧಿಯ ಮೇಲಿನ ಮಹಾದೇವಾಲಯವು 1562ರಲ್ಲಿ ಮತಕಲಹದಲ್ಲಿ ಲೂಟಿಯಾಯಿತು. ಫ್ರೆಂಚ್ ಕ್ರಾಂತಿಯ ಬಳಿಕ ಕೆಡವಲ್ಪಟ್ಟು, ಅದರ ಜಾಗದಲ್ಲಿ ರಸ್ತೆಗಳಾದವು. 1860ರಲ್ಲಿ ಸಮಾಧಿಸ್ಥಳ ಮತ್ತೆ ಪತ್ತೆಯಾಗಿ ಹೊಸ ದೇವಾಲಯ ಎದ್ದಿತು.

ನಮ್ಮ ದಾರಿಗಳಲ್ಲಿ

ಮಾರ್ಟಿನರು ತಮಗಾಗಿ ಉಳಿಸಿಕೊಂಡ ಅರ್ಧ ಹೊದಿಕೆಯೆಂದು ನಂಬಲಾದ ಬಟ್ಟೆಯನ್ನು ಫ್ರಾಂಕ್ ದೊರೆಗಳು ಮಹಾಸಂಪತ್ತಿನಂತೆ ಕಾಪಾಡಿದರು. ಹೊದಿಕೆಗೆ ಲತೀನ್ ಭಾಷೆಯಲ್ಲಿ ಕಾಪಾ ಎಂದೂ ಚಿಕ್ಕ ಹೊದಿಕೆಗೆ ಕಾಪೆಲ್ಲಾ ಎಂದೂ ಹೆಸರು. ಅದನ್ನು ಇರಿಸಿದ ಪ್ರಾರ್ಥನಾಲಯಕ್ಕೂ ಕಾಪೆಲ್ಲಾ ಎಂಬ ಹೆಸರೇ ಬಂದಿತು; ಚಾಪೆಲ್ ಎಂಬ ಮಾತು ಹುಟ್ಟಿದ್ದು ಹೀಗೆ. ಆ ಹೊದಿಕೆಯನ್ನು ಕಾಯುತ್ತಿದ್ದ ಗುರುಗಳ ಹೆಸರಿನಿಂದ ಚಾಪ್ಲಿನ್ ಎಂಬ ಪದ ಬಂದಿತು. ದಾರಿಯಲ್ಲಿ ಅಪರಿಚಿತನಿಗೆ ಹಂಚಿದ ಬಟ್ಟೆಯ ನೆನಪು ಲೋಕದ ಸಾವಿರಾರು ಪ್ರಾರ್ಥನಾಲಯಗಳ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಪ್ರೀತಿಸೇವೆಯ ಆದರ್ಶವಾಗಿ ಸಂತ ಮಾರ್ಟಿನರನ್ನು ಸ್ಮರಿಸಿದರು. ಜಗದ್ಗುರು ಫ್ರಾನ್ಸಿಸರು 2020ರ ತಮ್ಮ ವಿಶ್ವಪತ್ರದ ಎರಡನೆಯ ಅಧ್ಯಾಯವನ್ನು ದಾರಿಯಲ್ಲಿ ಬಿದ್ದ ಅಪರಿಚಿತನಿಗೂ ಸಮಾರಿಯದವನಿಗೂ ಮೀಸಲಿಟ್ಟರು. ನಮ್ಮ ದೇಶದ ಕಾನೂನೂ ಆ ಸಮಾರಿಯದವನ ಹೆಸರನ್ನೇ ಎರವಲು ಪಡೆದಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯದಿಂದ ಎಷ್ಟೋ ಮಂದಿ ನಿಲ್ಲದೆ ಹೋಗುತ್ತಿದ್ದರು. ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಕಾನೂನಿನ ಬಲ ನೀಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿತು. ಇಷ್ಟವಿಲ್ಲದಿದ್ದರೆ ಅವರು ಹೆಸರು ವಿಳಾಸವನ್ನೂ ಹೇಳಬೇಕಾಗಿಲ್ಲ. ಕರ್ನಾಟಕವೂ ಇದೇ ಉದ್ದೇಶಕ್ಕೆ ತನ್ನದೇ ಕಾಯಿದೆ ಮಾಡಿದೆ. ಕಾನೂನು ಭಯವನ್ನು ತೆಗೆಯಬಲ್ಲದು. ಕಾಲನ್ನು ನಿಲ್ಲಿಸಬೇಕಾದದ್ದು ಮಾತ್ರ ನಮ್ಮ ಹೃದಯವೇ.

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳೋಣ. ಇಲ್ಲಿ ಬಲಿಪೂಜೆಯಲ್ಲಿ ಪಾಲ್ಗೊಂಡ ನಾವೆಲ್ಲರೂ ಮರಳಿ ಹೋಗುವುದು ದಾರಿಯ ಮೇಲೆಯೇ. ಆ ದಾರಿಯಲ್ಲಿ ಯಾರಾದರೂ ಬಿದ್ದಿದ್ದು, ಮುಂದೆ ಹೋದವರು ಯಾರೂ ನಿಲ್ಲದಿದ್ದರೆ, ಅವನು ನಮಗಾಗಿಯೇ ಉಳಿದಿರುವನೆಂದು ಬಗೆಯೋಣ. ಕೈಯಲ್ಲಿ ಪೂರ್ತಿ ಇಲ್ಲದಿದ್ದರೆ ಅರ್ಧವನ್ನಾದರೂ ಕೊಡೋಣ. ಆ ಕೃಪೆಯನ್ನು ಸಂತ ಮಾರ್ಟಿನರ ಪ್ರಾರ್ಥನೆಯ ಮೂಲಕ ಪ್ರಭುವು ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬಕ್ಕೂ ಅನುಗ್ರಹಿಸಲಿ.